ಓಣಿ ಒಬ್ಬರಿಗೆ, ವೇಳೆ ಒಬ್ಬರಿಗೆ

ನಮ್ಮೂರಿನ ನೀರಿಗೆ ಒಂದು ಮರ್ಯಾದೆ ಇದೆ. ಅದು ಒಂದು ಸಲಕ್ಕೆ ಒಂದೇ ಓಣಿಗೆ ಬರುತ್ತದೆ. ಊರಂಚಿನ ಮಣ್ಣಿನ ಏರಿಯ ಆಚೆ ಹೊಳೆ ಎಂದಿನಂತೆ ಎಮ್ಮೆಗಳಿಗೆ ಮೈ ಕೊಟ್ಟುಕೊಂಡು ಮಲಗಿರುತ್ತದೆ, ಆಕಾಶದಲ್ಲಿ ಮೋಡದ ಸುಳಿವಿರುವುದಿಲ್ಲ. ಅಂಥ ಹೊತ್ತಿನಲ್ಲಿ, ಗಾಣಿಗೇರ ಓಣಿ ಎಂದುಕೊಳ್ಳಿ, ಅದರ ತುದಿಯಿಂದ ನೀರು ಏಳುತ್ತದೆ, ಬಾಗಿಲುಗಳ ಮೇಲಿನ ತೊಲೆ ಮುಟ್ಟುತ್ತದೆ, ಒಂದೂವರೆ ತಾಸು ನಿಂತು ಬಂದ ದಾರಿಯಲ್ಲೇ ಹೋಗುತ್ತದೆ. ಪಕ್ಕದ ಹೂಗಾರ ಓಣಿಯಲ್ಲಿ ಬೆಳಿಗ್ಗೆ ಹಾಕಿದ ರಂಗೋಲಿಯ ಒಂದು ಎಳೆಯೂ ಅಳಿಸಿರುವುದಿಲ್ಲ. ಓಣಿಯ ಮೂಲೆಯಲ್ಲಿ ನಿಂತು ಕೈ ಚಾಚಿದರೆ ಬೆರಳು ಒದ್ದೆಯಾಗುತ್ತದೆ, ಕಾಲು ಒಣಗಿಯೇ ಇರುತ್ತದೆ. ಹೊರಗಿನಿಂದ ಬಂದ ಸೊಸೆಯರು ಮೊದಲ ವರ್ಷ ಇದನ್ನು ನೋಡಲು ಓಡುತ್ತಾರೆ. ಎರಡನೆಯ ವರ್ಷದಿಂದ ಹಾಸಿಗೆ ಸುರುಳಿಯನ್ನು ಜಂತಿಗೆ ಕಟ್ಟುವುದು ಕಲಿಯುತ್ತಾರೆ.

ನೀರು ಬರುವ ಒಂದು ತಾಸು ಮುಂಚೆ, ಅದು ಎಲ್ಲಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ರಾಜಧಾನಿಯಲ್ಲಿ ಯಾರಿಗೋ ತಿಳಿಯುತ್ತದೆ. ಹೇಗೆಂದು ನಾವು ಕೇಳಿದವರಲ್ಲ. ಆದರೆ ತಿಳಿದದ್ದನ್ನು ನಮಗೆ ಯಾರು ತಿಳಿಸಬೇಕು ಎಂಬ ವಿಷಯಕ್ಕೆ ಫೋನಿನ ಇಲಾಖೆಗೂ ಟಿವಿಯ ಇಲಾಖೆಗೂ ಬಹಳ ವರ್ಷ ಜಗಳವಿತ್ತು. ಎರಡೂ ಒಂದೇ ಕಟ್ಟಡದಲ್ಲಿದ್ದವು, ಮೆಟ್ಟಿಲು ಮಾತ್ರ ಬೇರೆ ಬೇರೆ. ಕೊನೆಗೆ ಯಾವನೋ ದೊಡ್ಡ ಸಾಹೇಬ, ಅಣ್ಣತಮ್ಮಂದಿರು ಎಮ್ಮೆ ಪಾಲು ಮಾಡಿಕೊಂಡ ಹಾಗೆ, ಪಾಲು ಮಾಡಿಕೊಟ್ಟ: ವೇಳೆ ಹೇಳುವುದು ಫೋನಿನ ಹಕ್ಕು, ಓಣಿ ಹೇಳುವುದು ಟಿವಿಯ ಹಕ್ಕು. ಇಬ್ಬರಿಗೂ ಗಿರಾಕಿಗಳು ಸಮನಾಗಿರಲೆಂದು ಒಂದು ಮನೆಗೆ ಎರಡರಲ್ಲಿ ಒಂದೇ ಎಂದೂ ಬರೆದ. ಆತ ನಿವೃತ್ತನಾಗಿ, ತೀರಿಕೊಂಡು, ಆತನ ಫೋಟೋ ಕೂಡ ಗೋಡೆಯಿಂದ ಇಳಿದಿರಬೇಕು. ಬರೆದದ್ದು ಉಳಿಯಿತು.

ಹೀಗಾಗಿ ನಮ್ಮೂರಿನಲ್ಲಿ ಜಾತಿ ಕೇಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು: ನೀವು ವೇಳೆಯವರೋ, ಓಣಿಯವರೋ? ಒಂದು ವೇಳೆಯ ಮನೆ, ಒಂದು ಓಣಿಯ ಮನೆ ಸೇರಿದರೆ ಜೋಡಿಮನೆ. ಎರಡೂ ಒಂದೇ ಓಣಿಯಲ್ಲಿರಬಾರದು, ಇಷ್ಟೇ ನಿಯಮ. ಫೋನ್ ನಡೆದಾಡುತ್ತದೆ, ಟಿವಿ ಗೋಡೆ ಬಿಟ್ಟು ಬರುವುದಿಲ್ಲ, ಆದ್ದರಿಂದ ಫೋನ್ ಕೂಗಿದ ಕೂಡಲೇ ವೇಳೆಯವರು ಎದ್ದು ತಮ್ಮ ಜೋಡಿಯ ಓಣಿಯವರ ಮನೆಗೆ ನಡೆಯಬೇಕು. ಮುಂಬಾಗಿಲಲ್ಲಿ ನಿಂತು ವೇಳೆ ಹೇಳಬೇಕು, ಓಣಿ ಕೇಳಿಸಿಕೊಳ್ಳಬೇಕು. ಅರ್ಧ ಕೊಟ್ಟು ಅರ್ಧ ತೆಗೆದುಕೊಳ್ಳದೆ ತಿರುಗಿ ಹೋಗುವುದು ಅಪಶಕುನ. ಆಮೇಲೆ, ನೀರು ತಮ್ಮ ಓಣಿಗೇ ಎಂದಾದರೆ, ಓಣಿಯವರು ಟಿವಿ ಆರಿಸಿ, ಮುಂಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ (ನೀರು ಬರುವುದು ಮುಂದಿನಿಂದ, ಬಾಗಿಲು ಮುರಿಯಬಾರದಲ್ಲ), ಗಂಟು ಹೊತ್ತು ಹಿತ್ತಲಿನಿಂದ ಏರಿ ಹತ್ತುತ್ತಾರೆ. ಟಿವಿಯ ಸದ್ದಿದ್ದರೆ ಮನೆಯಲ್ಲಿ ಜನ ಇದ್ದಾರೆ, ಸದ್ದಿಲ್ಲದಿದ್ದರೆ ಹೋಗಿದ್ದಾರೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಮಳೆಗೆ ಕೊಡೆ ಎಂದು ಯಾರು ಕಲಿಸುತ್ತಾರೆ?

ಈ ಏರ್ಪಾಡಿನಲ್ಲಿ ನನ್ನ ಪಾಲು ಗುಡ್ಡದ ಮೇಲಿನ ಟಿವಿ ಟವರಿನ ಕೋಣೆ. ಜನ ನನ್ನನ್ನು ಟವರ್ ಮಾಸ್ತರ ಎನ್ನುತ್ತಿದ್ದರು. ರಾಜಧಾನಿಯಿಂದ ತಂತಿಯಲ್ಲಿ ಓಣಿಯ ಹೆಸರು ಬರುತ್ತಿತ್ತು, ನಾನು ಅದನ್ನು ಕೀಲಿಮಣೆಯಲ್ಲಿ ಒತ್ತುತ್ತಿದ್ದೆ, ಊರಿನ ಎಲ್ಲ ಟಿವಿಗಳ ಕೆಳಗೆ ಅದು ಪಟ್ಟಿಯಾಗಿ ಓಡುತ್ತಿತ್ತು. ಧಾರಾವಾಹಿಯಲ್ಲಿ ಅತ್ತೆ ವಿಷ ಬೆರೆಸುತ್ತಿದ್ದರೂ ಅವಳ ಎದೆಯ ಮೇಲೆ ‘ಜಾಡರ ಓಣಿ’ ಎಂದು ಹಾದು ಹೋಗುತ್ತಿತ್ತು. ವರ್ಷಕ್ಕೆ ಹತ್ತು ಹನ್ನೆರಡು ಹೆಸರು ಒತ್ತುವುದು ಬಿಟ್ಟರೆ ಉಳಿದ ಕಾಲವೆಲ್ಲ ನನ್ನದೇ. ಓದಿದೆ. ಸಿಕ್ಕಿದ್ದೆಲ್ಲ ಓದಿದೆ. ಓದಿದ್ದರಿಂದ ನನಗೆ ಬಂದ ಒಂದೇ ಗುಣವೆಂದರೆ ಮಂದಿಯ ಜಗಳವನ್ನು ದೂರದಿಂದ ಸವಿಯುವುದು. ನನ್ನ ಕೋಣೆಯೂ ಗುಡ್ಡದ ಮೇಲಿತ್ತು, ಅದಕ್ಕೆ ಅನುಕೂಲವಾಗಿ.

ನನಗೆ ಎರಡು ಮನೆಗಳ ಬಳಕೆ ಹೆಚ್ಚು. ಸುಣಗಾರ ಓಣಿಯ ದಾನವ್ವನಲ್ಲಿ ದಿನವೂ ಜೋಳದ ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದೆ. ಪಿಂಜಾರ ಓಣಿಯ ಹುಸೇನ್‌ಬಿ ನನಗೆ ಎರಡು ಕೌದಿ ಹೊಲಿದುಕೊಟ್ಟಿದ್ದಳು. ಗುಡ್ಡದ ಮೇಲೆ ಚಳಿ ಜಾಸ್ತಿ. ದಾನವ್ವ ಓಣಿಯವಳು, ಹುಸೇನ್‌ಬಿ ವೇಳೆಯವಳು, ಇಬ್ಬರದೂ ಇಪ್ಪತ್ತೆರಡು ವರ್ಷದ ಜೋಡಿಮನೆ. ಇಬ್ಬರೂ ಅರವತ್ತು ದಾಟಿದವರು, ಇಬ್ಬರೂ ಒಂಟಿ. ದಾನವ್ವ ಟಿವಿಯ ಪಟ್ಟಿ ನೋಡಿ ನೋಡಿ ಊರಿನ ನಲವತ್ತಮೂರೂ ಓಣಿಗಳ ಹೆಸರು ಓದಬಲ್ಲಳು, ಅದು ಬಿಟ್ಟು ಒಂದು ಸಾಲು ಓದಲಾರಳು. ಹುಸೇನ್‌ಬಿಗೆ ಅಂಕಿ ಮಾತ್ರ ಬರುತ್ತದೆ. ಇಬ್ಬರನ್ನೂ ಸೇರಿಸಿದರೆ ಒಬ್ಬ ಅಕ್ಷರಸ್ಥೆ ಆಗುತ್ತಿದ್ದಳು ಎಂದು ನಾನು ತಮಾಷೆ ಮಾಡುತ್ತಿದ್ದೆ.

ಸೇರುವ ಹಾಗಿರಲಿಲ್ಲ. ಹನ್ನೊಂದು ವರ್ಷದಿಂದ ಅವರಿಬ್ಬರಿಗೆ ಮಾತಿಲ್ಲ. ಅಂದರೆ ಅರ್ಧಗಳನ್ನು ಬಿಟ್ಟು ಬೇರೆ ಮಾತಿಲ್ಲ. ಫೋನ್ ಕೂಗಿದೊಡನೆ ಹುಸೇನ್‌ಬಿ ಬುರ್ಖಾ ಏರಿಸಿ, ಸಂತೆಪೇಟೆ ಹಾಯ್ದು, ಸುಣಗಾರ ಓಣಿಗೆ ಬಂದು ಬಾಗಿಲಲ್ಲಿ ನಿಂತು “ದಾನವ್ವಾ” ಎಂದು ಮೂರು ಸಲ ಕರೆಯುವಳು. ಮೊದಲ ಎರಡು ಸಲಕ್ಕೆ ದಾನವ್ವ ಏಳುವವಳೇ ಅಲ್ಲ. ಮೂರನೆಯ ಸಲಕ್ಕೆ ಬಾಗಿಲು ತೆರೆಯುವಳು. ಹುಸೇನ್‌ಬಿ ಆಕಾಶ ನೋಡುತ್ತ ವೇಳೆ ಹೇಳುವಳು. ದಾನವ್ವ ಕಂಬ ನೋಡುತ್ತ ಓಣಿ ಹೇಳುವಳು. ಮುಗಿಯಿತು. ಆಕಾಶಕ್ಕೂ ಕಂಬಕ್ಕೂ ಇಷ್ಟು ಸುದ್ದಿ ತಿಳಿಸಿದ ಇಬ್ಬರು ಹೆಂಗಸರು ಜಗತ್ತಿನಲ್ಲಿ ಬೇರೆ ಇರಲಿಕ್ಕಿಲ್ಲ.

ಜಗಳದ ಮೂಲ ಒಂದು ಕೌದಿ. ದಾನವ್ವ ತನ್ನ ತಾಯಿ ಸತ್ತ ವರ್ಷ ಅವಳ ಹಳೆಯ ಸೀರೆಗಳನ್ನೆಲ್ಲ ಹುಸೇನ್‌ಬಿಗೆ ಕೊಟ್ಟು ಕೌದಿ ಹೊಲಿಯಲು ಹೇಳಿದ್ದಳು. ಅದರಲ್ಲಿ ತಾಯಿಯ ಧಾರೆಯ ಇಳಕಲ್ ಸೀರೆಯೂ ಒಂದು, ಕೆಂಪು ಸೆರಗಿನದು. ಕೌದಿ ಮುಗಿದು ಬಂದಾಗ ಇಳಕಲ್ ಕಾಣಲಿಲ್ಲ. ಮೇಲೆಲ್ಲ ಮಾಮೂಲಿ ನೂಲಿನ ತುಂಡುಗಳು. ಮಗುಚಿ ನೋಡಿದರೆ ಇಡೀ ಸೀರೆ ತಳದ ಪದರದಲ್ಲಿ.

“ತಳಕ್ಕ ಹಾಕ್ಯಾಳ ಮಾಸ್ತರ್ರ, ತಳಕ್ಕ,” ಎಂದು ದಾನವ್ವ ರೊಟ್ಟಿ ಬಡಿಯುತ್ತ ನನಗೆ ಎಷ್ಟು ಸಲ ಹೇಳಿದ್ದಳೋ. “ನಮ್ಮವ್ವನ ಧಾರಿ ಸೀರಿ. ಮಂದಿ ಗೋಣಿಚೀಲ ಹಾಕ್ತಾರಲ್ಲ, ಅಲ್ಲೆ. ನನ್ನ ಕೇಳಬೇಕೋ ಬ್ಯಾಡೋ?”

“ನೀವು ಕೇಳಿದ್ರೇನು, ಯಾಕ ಹಿಂಗ ಮಾಡಿದಿ ಅಂತ?”

“ನಾನ್ಯಾಕ ಕೇಳ್ಲಿ. ಮಾಡಿದಾಕಿ ಹೇಳ್ಲಿ.”

ಪಿಂಜಾರ ಓಣಿಗೆ ಹೋದರೆ ಹುಸೇನ್‌ಬಿ ಸೂಜಿಗೆ ದಾರ ಪೋಣಿಸುತ್ತ ಇನ್ನೊಂದು ಅರ್ಧ ಹೇಳುವಳು. “ಕೌದಿ ಮ್ಯಾಲಿಂದು ಮಂದಿ ನೋಡಾಕ, ಮಾಸ್ತರ್. ತಳಗಿಂದು ಮೈಗೆ. ಹೊದ್ಕೊಂಡಾಗ ಮೈಗೆ ಹತ್ತೂದು ಯಾವ್ದು? ತಾಯಿ ಸೀರಿ ಮಂದಿಗೆ ತೋರ್ಸೂದಾ, ಮೈಗೆ ಹಚ್ಕೊಳ್ಳೂದಾ? ಇಷ್ಟ ತಿಳಿಯಂಗಿಲ್ಲ ಆಕಿಗೆ.”

“ಇದನ್ನ ಆಕಿಗೆ ಹೇಳಿಬಿಡ್ರಲ್ಲ ಬೀಬಿ.”

“ನಾನ್ಯಾಕ ಹೇಳ್ಲಿ. ಆಕಿ ಕೇಳ್ಲಿ.”

ಎರಡೂ ಅರ್ಧಗಳು ನನ್ನಲ್ಲಿದ್ದವು. ಕಾಲು ತಾಸಿನ ನಡಿಗೆಯ ಮಾತು. ರೊಟ್ಟಿ ತರಲು ಹೋದಾಗ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಒಂದು ಕಾರಣ, ನನ್ನದಲ್ಲದ ಅರ್ಧವನ್ನು ಹೊತ್ತೊಯ್ಯುವುದು ಊರಿನ ರೀತಿಯಲ್ಲ. ಇನ್ನೊಂದು ಕಾರಣ, ಆ ಜಗಳ ನನಗೆ ಸೊಗಸಾಗಿ ಕಂಡಿತ್ತು. ಒಳ್ಳೆಯ ಕಥೆಯ ನಡುವೆ ಎದ್ದು ಹೋಗಿ ಪಾತ್ರಗಳಿಗೆ ಬುದ್ಧಿ ಹೇಳುವವನು ಎಂಥ ಓದುಗ?

ಕಳೆದ ಮಾಘದಲ್ಲಿ ರಾಜಧಾನಿಯಿಂದ ಧರಣೇಂದ್ರ ಎಂಬ ಇಂಜಿನಿಯರ್ ಬಂದರು. ತೆಳ್ಳಗಿನ, ನಯವಾದ ಮನುಷ್ಯ. ಸೂರ್ಯ ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ, ಯಾರಿಗೂ ಗದರುತ್ತಿರಲಿಲ್ಲ. ಎರಡು ಇಲಾಖೆಗಳು ರಾಜಿಯಾಗಿವೆ ಎಂದರು. ಇನ್ನು ಮೇಲೆ ಫೋನಿನ ಜಾಲ, ಟಿವಿಯ ಜಾಲ ಎರಡೂ ಕೂಡಿ ಒಂದೇ. ಪ್ರತಿ ಟಿವಿಗೂ ಒಂದು ಪೆಟ್ಟಿಗೆ ಕೂರಿಸುತ್ತಾರೆ. ಫೋನಿನ ಜಾಲ ಮೊದಲು ಆ ಪೆಟ್ಟಿಗೆಯನ್ನು ಎಬ್ಬಿಸುತ್ತದೆ, ಪೆಟ್ಟಿಗೆ ಟಿವಿಯನ್ನು ಎಬ್ಬಿಸುತ್ತದೆ, ಟಿವಿ ಓಣಿಯನ್ನೂ ವೇಳೆಯನ್ನೂ ಬರೆದು ತೋರಿಸುತ್ತದೆ, ಬಾಯಿಬಿಟ್ಟು ಹೇಳುತ್ತದೆ. ಹಾಗೆಯೇ ಫೋನ್ ಕೂಡ ಎರಡನ್ನೂ ಹೇಳುತ್ತದೆ.

“ಟಿವಿ ಆರಿಸಿ ಇಟ್ಟಿದ್ದರೆ?” ಎಂದೆ.

“ತಾನಾಗಿ ಹೊತ್ತಿಕೊಳ್ಳುತ್ತದೆ.”

“ಆಮೇಲೆ ಅವರು ಆರಿಸಬಹುದೆ?”

“ನೀರು ಇಳಿಯುವ ತನಕ ಆರಿಸಲಾಗುವುದಿಲ್ಲ. ಮಲಗಿದವರಿಗೂ, ಕಿವಿ ಮಂದವಾದವರಿಗೂ ಕೇಳಬೇಕಲ್ಲ? ಒಬ್ಬರೂ ತಪ್ಪಿಹೋಗಬಾರದು ಎನ್ನುವುದೇ ಇದರ ಉದ್ದೇಶ, ಮಾಸ್ತರೇ.”

ಅವರು ಅದನ್ನು ಮನಸಾರೆ ಹೇಳಿದರು. ಈಗಲೂ ನನಗೆ ಆ ಬಗ್ಗೆ ಅನುಮಾನವಿಲ್ಲ. ಹೋಗುವಾಗ ನನ್ನ ಕೀಲಿಮಣೆಯನ್ನು ರಸೀದಿ ಕೊಟ್ಟು ತೆಗೆದುಕೊಂಡು ಹೋದರು. ನೌಕರಿ ಉಳಿಯಿತು. ಕೋಣೆಗೆ ಬೀಗ ಹಾಕುವುದು, ತೆಗೆಯುವುದು.

ಊರಿಗೆ ಇದನ್ನು ತಿಳಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಮೊದಲು ಪಿಂಜಾರ ಓಣಿಗೆ ಹೋದೆ. ಹುಸೇನ್‌ಬಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸೂಜಿಯನ್ನು ಗಾಳಿಯಲ್ಲೇ ಹಿಡಿದು ಕುಳಿತಳು.

“ಹಂಗಾರ ನಾನು ಆಕಿ ಮನಿಗೆ ಹೋಗೂದು ಬ್ಯಾಡ.”

“ಬ್ಯಾಡ. ನಿಮ್ಮ ಮಂಡಿಗೂ ಆರಾಮ ಆತು.”

“ಮಂಡೀದೇನು, ಹೋದ್ರೂ ನೋಯ್ತೈತಿ, ಕುಂತ್ರೂ ನೋಯ್ತೈತಿ.” ಆಮೇಲೆ, ದಾರ ಕಚ್ಚಿ ತುಂಡು ಮಾಡಿ, ಬೇರೆ ಯಾರದೋ ಸುದ್ದಿಯೆಂಬಂತೆ ಕೇಳಿದಳು: “ಆಕೀದು ಕೆಮ್ಮು ನಿಂತೈತೇನು? ಹೋದ ಸಲ ನೀರು ಬಂದಾಗ ಭಾಳ ಕೆಮ್ಮತಿದ್ಲು.”

ನಿಂತಿದೆ ಎಂದೆ. ಅಲ್ಲಿಂದ ಸುಣಗಾರ ಓಣಿಗೆ. ದಾನವ್ವ ಬಡಿಯುವ ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಹೊಸ ಪೆಟ್ಟಿಗೆ ಆಗಲೇ ಗೋಡೆಯ ಗೂಡಿನಲ್ಲಿ, ಟಿವಿಯ ಪಕ್ಕ, ಹಸಿರು ಕಣ್ಣು ಬಿಟ್ಟುಕೊಂಡು ಕೂತಿತ್ತು.

“ಅಂದ್ರ ಆಕಿ ಬರೂದಿಲ್ಲ ಇನ್ನ ಮ್ಯಾಲ.”

“ಯಾಕ ಬರ್ತಾರ ದಾನವ್ವ. ಎಲ್ಲಾ ನಿಮ್ಮ ಟಿವಿನ ಹೇಳ್ತೈತಿ. ಅವರಿಗೂ ಮಂಡಿನೋವು.”

ಕೈ ನಿಂತಿತು. “ಮಂಡಿನೋವ? ಯಾವಾಗಿಂದ?”

“ಬಹಳ ದಿನ ಆತಂತ.”

“ಅಷ್ಟ ದೂರದಿಂದ ಹಂಗ ಬರ್ತಿದ್ಲ?” ರೊಟ್ಟಿ ಹಂಚಿನ ಮೇಲೆ ಕರಕಾಗತೊಡಗಿತು. ಅವಳಿಗೆ ಅದು ಕಾಣಲಿಲ್ಲ. “ನನ್ನ ಬಗ್ಗೆ ಏನರ ಕೇಳಿದ್ಲೇನು?”

ಕೆಮ್ಮಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಅದನ್ನು ಹೇಳಿದರೆ ಹನ್ನೊಂದು ವರ್ಷದ ಕಥೆ ಒಂದು ಕೆಮ್ಮಿನಿಂದ ಮುಗಿದುಹೋಗುತ್ತದಲ್ಲ ಎನಿಸಿತು. ಇನ್ನೂ ಒಂದಿಷ್ಟು ದಿನ ನಡೆಯಲಿ ಎನಿಸಿತು.

“ಇಲ್ಲ. ಏನೂ ಕೇಳಲಿಲ್ಲ,” ಎಂದೆ.

ದಾನವ್ವ ಕರಕಾದ ರೊಟ್ಟಿಯನ್ನು ತೆಗೆದು ನಾಯಿಗೆ ಎಸೆದಳು. ಅವಳು ನನಗೆ ಕಟ್ಟಿಕೊಟ್ಟ ರೊಟ್ಟಿಗೆ ಅಂದು ಉಪ್ಪಿರಲಿಲ್ಲ.

ಹೊಸ ಏರ್ಪಾಡಿನ ಮೊದಲ ನೀರು ಒಂದೂವರೆ ತಿಂಗಳ ಮೇಲೆ ಬಂತು. ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಊರಿನ ಎಲ್ಲ ಫೋನುಗಳೂ ಎಲ್ಲ ಟಿವಿಗಳೂ ಒಮ್ಮೆಗೇ ಬಾಯಿಬಿಟ್ಟವು. ಗುಡ್ಡದ ಮೇಲಿನ ನನ್ನ ಕೋಣೆಗೂ ಕೇಳಿಸಿತು. ಊರೇ ಒಂದು ದೊಡ್ಡ ಗಂಟಲಾಗಿ, ರಾಜಧಾನಿಯ ಯಾವಳೋ ಹೆಣ್ಣುಮಗಳ ಚಂದದ ದನಿಯಲ್ಲಿ ಹೇಳುತ್ತಿತ್ತು: ಸುಣಗಾರ ಓಣಿ, ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಸುಣಗಾರ ಓಣಿ, ನಾಲ್ಕು ಗಂಟೆ ಇಪ್ಪತ್ತು ನಿಮಿಷ. ನನ್ನ ಬೆರಳುಗಳು ಮೇಜಿನ ಮೇಲೆ ಕೀಲಿಮಣೆ ಇದ್ದ ಜಾಗಕ್ಕೆ ಹೋಗಿ ಹಿಂದೆ ಬಂದವು. ಮಾಡಲು ಏನೂ ಇರಲಿಲ್ಲ. ಕೋಣೆಗೆ ಬೀಗ ಹಾಕಿ ನಿಧಾನವಾಗಿ ಇಳಿದೆ. ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕುಳಿತು ಸುಣಗಾರ ಓಣಿಯ ಜನ ಗಂಟು ಹೊತ್ತು ಏರಿ ಹತ್ತುವುದನ್ನು ನೋಡಿದೆ. ಯಾರೂ ಯಾರಿಗೂ ಕಾಯುತ್ತಿರಲಿಲ್ಲ. ಅರ್ಧ ತಾಸಿನಲ್ಲಿ ಎಲ್ಲ ಮುಗಿಯಿತು. ಧರಣೇಂದ್ರ ಸಾಹೇಬರ ಕೆಲಸ ಚೊಕ್ಕವಾಗಿದೆ ಅಂದುಕೊಂಡೆ.

ಗುಡ್ಡದ ಬುಡದಿಂದ ಸಂತೆಪೇಟೆಗೆ ಹೋಗುವ ದಾರಿ ಪಿಂಜಾರ ಓಣಿಯ ಮೇಲೇ ಹಾಯುತ್ತದೆ. ಹುಸೇನ್‌ಬಿಯ ಮನೆಯ ಕಟ್ಟೆಯ ಮೇಲೆ ಯಾರೋ ಕುಳಿತಿದ್ದರು. ಹತ್ತಿರ ಹೋಗಿ ನೋಡಿದರೆ ದಾನವ್ವ. ಪಕ್ಕದಲ್ಲಿ ಗಂಟು, ಗಂಟಿನ ಮೇಲೆ ಮಡಚಿದ ಕೌದಿ. ಈ ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಕಟ್ಟೆ ಹತ್ತಿದ್ದನ್ನು ನಾನು ಕಂಡಿರಲಿಲ್ಲ.

“ಇಲ್ಲೇನ್ ಮಾಡಾಕತ್ತೀರಿ ದಾನವ್ವ? ಎಲ್ಲಾರೂ ಏರಿ ಮ್ಯಾಲಿನ ಕನ್ನಡ ಸಾಲ್ಯಾಗ ಅದಾರ.”

“ಓಣಿ ಹೇಳಾಕ ಬಂದೆ.”

“ಯಾರಿಗೆ? ಅವರ ಫೋನೂ ಹೇಳಿರ್ತೈತಿ.”

“ಗೊತ್ತೈತಿ. ಆಕಿಗೆ ಗೊತ್ತಿರ್ತೈತಿ ಅಂತ ನನಗ ಗೊತ್ತೈತಿ.” ಅವಳು ಕಂಬ ನೋಡಿದಳು. ಅಭ್ಯಾಸ. “ಇಷ್ಟು ವರ್ಷ ಆಕಿನ ನಡದ ಬಂದಾಳ, ಮಂಡಿ ಇಟ್ಕೊಂಡು. ಒಂದು ಸಲ ನಾನು ಹೋಗೂಣು ಅಂತ ಹಿತ್ತಲದಾಗಿಂದ ಏರಿ ಹತ್ತಿ, ಸುತ್ತ ಹಾಕ್ಕೊಂಡು ಬಂದೆ. ನೋಡ್ರಿ, ಬಾಗಿಲಿಗೆ ಬೀಗ. ಎಲ್ಲಿ ಹೋಗ್ಯಾಳ ನಿಮ್ಮ ಬೀಬಿ?”

“ಪ್ಯಾಟಿಗೆ ಹೋಗಿರಬೇಕು. ದಾರ ಗೀರ ತರಾಕ.”

“ಹೂಂ. ಕುಂದರ್ತೀನಿ. ಬಂದಿದ್ದು ಬಂದೇನಿ, ಅರ್ಧ ಕೊಟ್ಟ ಹೋಗೂದು.”

ನಾನೂ ಕುಳಿತೆ. ನೋಡಬೇಕಾದ ದೃಶ್ಯ ತಾನಾಗಿ ಒದಗಿ ಬಂದಿತ್ತು. ಹುಸೇನ್‌ಬಿ ದಾರದ ಉಂಡೆ ಹಿಡಿದು ಮೂಲೆ ತಿರುಗುವಳು, ಕಟ್ಟೆಯ ಮೇಲೆ ಇವಳನ್ನು ಕಾಣುವಳು, ಆಗ ಆಕಾಶ ನೋಡುವಳೋ ಇವಳನ್ನು ನೋಡುವಳೋ? ಹೀಗೆ ಯೋಚಿಸುತ್ತ ಕಡಿಮೆಯೆಂದರೂ ಹತ್ತು ನಿಮಿಷ ಕಳೆದೆ. ಆ ಹತ್ತು ನಿಮಿಷವನ್ನು ನಾನು ಯಾರ ಲೆಕ್ಕಕ್ಕೂ ಹಚ್ಚಲಾರೆ.

ಎಚ್ಚರವಾದದ್ದು ದಾನವ್ವನಿಗೆ. “ಮಾಸ್ತರ್ರ,” ಎಂದಳು ಮೆಲ್ಲಗೆ. “ಆಕಿ ಫೋನ್ ಕೂಗಿದ ಕೂಡ್ಲೆ ಏನ್ ಮಾಡ್ತಾಳ?”

ಉತ್ತರ ಇಬ್ಬರಿಗೂ ಗೊತ್ತಿತ್ತು.

“ನಾನು ಮುಂಬಾಗಲಾ ಹಾಕ್ಕೊಂಡು ಬಂದೇನಿ. ಟಿವಿ ಆರಿಸಾಕ ನೋಡಿದೆ, ಆರಲಿಲ್ಲ, ಒದರಲಿ ಅಂತ ಬಿಟ್ಟು ಬಂದೇನಿ.” ಅವಳು ಎದ್ದು ನಿಂತಿದ್ದಳು. “ಮೂರು ಸಲ ಕರೀತಾಳ. ಮೂರು ಸಲಕ್ಕ ನಾನು ತಗೀದಿದ್ರ, ಸಿಟ್ಟು ಇನ್ನೂ ಹೋಗಿಲ್ಲ ಅಂತ ನಾಕನೇ ಸಲ ಕರೀತಾಳ. ಓಡ್ರಿ.”

ನಾಲ್ಕು ಗಂಟೆ ಹದಿಮೂರು ನಿಮಿಷವಾಗಿತ್ತು. ಸಂತೆಪೇಟೆಯ ಮೂಲಕ ಸುಣಗಾರ ಓಣಿಗೆ ನಡೆದರೆ ಕಾಲು ತಾಸು. ನಾನು ಓಡಿದೆ. ಐವತ್ತು ದಾಟಿ, ಗುಡ್ಡದ ಮೇಲೆ ಕುಳಿತು ಓದಿದ ಮನುಷ್ಯ ಎಷ್ಟು ಓಡಬಲ್ಲನೋ ಅಷ್ಟು ಓಡಿದೆ. ಪೇಟೆಯ ತಿರುವಿನಲ್ಲಿ ಹಜಾಮ ಸೈದಪ್ಪ ತನ್ನ ಪೆಟ್ಟಿಗೆ ಹಿಡಿದು ಎದುರಾದ. ಸುಣಗಾರ ಓಣಿಯಿಂದ ಕೊನೆಗೆ ಹೊರಟವನು ಅವನೇ, ಮುಂದಿನ ದಾರಿಯಿಂದ ಬಂದು ಅಷ್ಟು ಹೊತ್ತು ಪೇಟೆಯಲ್ಲಿ ನಿಂತಿದ್ದ.

“ಹುಸೇನ್‌ಬಿಯನ್ನ ಕಂಡ್ಯಾ?”

“ಕಂಡ್ನಲ್ರಿ. ದಾನವ್ವನ ಬಾಗಲದಾಗ ನಿಂತಿದ್ರು. ಬರ್ರಿ ಬೀಬಿ, ಹೊತ್ತಾತು ಅಂದೆ. ‘ಒಳಗ ಅದಾಳ, ಟಿವಿ ಕೇಳ್ತೈತಿ ನೋಡು, ಆಕಿನ್ನ ಬಿಟ್ಟು ಹೆಂಗ ಬರ್ಲಿ. ಮೊದಲಿಂದನೂ ಹಂಗ, ತಡಾ ಮಾಡಿನ ತಗೀತಾಳ. ನೀ ನಡಿ’ ಅಂದ್ರು. ಇಬ್ರೂ ಕೂಡೇ ಬರ್ತಾರ ಅಂತ ನಾ ಬಂದೆ. ಯಾಕ್ರಿ?”

ನಾನು ಓಣಿಯ ಮೂಲೆ ಮುಟ್ಟಿದಾಗ ನೀರು ಆಗಲೇ ಬಂದು ನಿಂತಿತ್ತು. ನಮ್ಮೂರಿನ ನೀರು ಗದ್ದಲ ಮಾಡುವುದಿಲ್ಲ, ಮನೆಯ ಯಜಮಾನನ ಹಾಗೆ ಬಂದು ಕೂರುತ್ತದೆ. ಮೂಲೆಯ ಕಲ್ಲಿನಿಂದ ಆಚೆ ಗೋಡೆಯಂತೆ ನೇರ, ಮಣ್ಣಿನ ಬಣ್ಣದ ನೀರು. ಈಚೆ ನನ್ನ ಕಾಲ ಬಳಿ ಧೂಳು. ಒಳಗಿನಿಂದ, ತೊಲೆಯ ಮಟ್ಟದ ಗೂಡುಗಳಲ್ಲಿ ಇನ್ನೂ ಮುಳುಗದ ಟಿವಿಗಳು ಹೇಳುತ್ತಲೇ ಇದ್ದವು: ಸುಣಗಾರ ಓಣಿ, ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಒಂದೊಂದಾಗಿ ದನಿ ಕಡಿಮೆಯಾಗುತ್ತ ಬಂದು ಕೊನೆಗೆ ಒಂದೇ ಒಂದು ಉಳಿಯಿತು. ಅದು ಯಾವ ಮನೆಯದೆಂದು ಹೇಳಲಾರೆ. ಬಹಳ ಹೊತ್ತು ಹೇಳಿತು. ನಾನು ಕೈ ಚಾಚಿ ನೀರನ್ನು ಮುಟ್ಟಿದೆ. ಮಂಡಿಯಾಳದ ನೀರಿನಲ್ಲೂ ನನಗೆ ಈಜು ಬಾರದು. ಊರಿನಲ್ಲಿ ಯಾರಿಗೂ ಬಾರದು. ನಮಗೆ ಯಾವಾಗಲೂ ಒಂದು ತಾಸು ಮುಂಚೆ ತಿಳಿಯುತ್ತಿತ್ತಲ್ಲ, ಕಲಿಯುವ ಅಗತ್ಯ ಬಿದ್ದಿರಲಿಲ್ಲ.

ದಾನವ್ವ ಹಿಂದಿನಿಂದ ಬಂದು ನನ್ನ ಪಕ್ಕ ನಿಂತಳು. ಕೌದಿ ಹೆಗಲ ಮೇಲಿತ್ತು. ಅಳಲಿಲ್ಲ. ಒಂದೂವರೆ ತಾಸು ಅಲ್ಲಿಯೇ ನಿಂತಿದ್ದಳು. ನೀರು ಇಳಿದು ದಾರಿ ಬಿಟ್ಟಾಗ ಮೊದಲು ಒಳಗೆ ಹೋದವಳು ಅವಳೇ. ಹುಸೇನ್‌ಬಿ ಹೊಸ್ತಿಲ ಮುಂದೆ ಕುಳಿತ ಹಾಗಿದ್ದಳು. ಬುರ್ಖಾದ ತುದಿ ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತ್ತು. ದಾನವ್ವ ಅದನ್ನು ಹರಿಯದೆ, ಹುಷಾರಾಗಿ ಬಿಡಿಸಿದಳು. ಆಮೇಲೆ ಕೌದಿಯನ್ನು ಹೆಗಲಿನಿಂದ ತೆಗೆದು, ಮಗುಚಿ, ಇಳಕಲ್ ಕೆಳಗೆ ಬರುವ ಹಾಗೆ ಅವಳಿಗೆ ಹೊದಿಸಿದಳು.

ಧರಣೇಂದ್ರ ಸಾಹೇಬರು ಮರುವಾರ ಬಂದರು. ಗುಡ್ಡದ ಕೋಣೆಯಲ್ಲಿ ನನ್ನ ಎದುರು ಕುಳಿತು ವರದಿಯ ಕಾಗದವನ್ನು ಮೇಜಿನ ಮೇಲೆ ಹರಡಿದರು. ಸಂದೇಶ ತಲುಪಿದ ಮನೆಗಳು: ಎಲ್ಲವೂ. ಖಾಲಿಯಾಗಲು ಹಿಡಿದ ಸಮಯ: ಮೂವತ್ತೊಂದು ನಿಮಿಷ, ಹಳೆಯ ಕಾಲಕ್ಕಿಂತ ಬಹಳ ಕಡಿಮೆ. ಸುಣಗಾರ ಓಣಿಯ ನಿವಾಸಿಗಳಲ್ಲಿ ಸಾವು: ಇಲ್ಲ.

“ಅವರು ಆ ಓಣಿಯ ನಿವಾಸಿ ಅಲ್ಲವಲ್ಲ,” ಎಂದರು, ನನ್ನ ಮುಖ ನೋಡದೆ. “ಎಲ್ಲಿ ಬರೆಯಬೇಕು ಗೊತ್ತಾಗುತ್ತಿಲ್ಲ. ಪಿಂಜಾರ ಓಣಿಗೆ ನೀರೇ ಬಂದಿಲ್ಲ.”

“ಅವರಿಗೆ ಗೊತ್ತಿತ್ತು ಸರ್. ಓಣಿಯೂ, ವೇಳೆಯೂ.”

“ಅದೇ. ಸಂದೇಶ ತಲುಪಿದ ದಾಖಲೆ ಇದೆ. ಎರಡು ಸಲ ಕೇಳಿಸಿಕೊಂಡಿದ್ದಾರೆ.” ಅವರು ಕನ್ನಡಕ ತೆಗೆದು ಒರೆಸಿದರು. “ಗೊತ್ತಿದ್ದೂ ಯಾಕೆ ಹೋದರು, ಮಾಸ್ತರೇ?”

ಅವರಿಗೆ ಕೌದಿಯ ಕಥೆ ಹೇಳಲಿಲ್ಲ. ವರದಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ದಾನವ್ವನಿಗೆ ಮಾತ್ರ ಹೇಳಿದೆ. ಹುಸೇನ್‌ಬಿಯ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಒಂದು ಮಧ್ಯಾಹ್ನ, ರೊಟ್ಟಿಯ ಒಲೆಯ ಮುಂದೆ ಕುಳಿತು, ನನ್ನ ಬಳಿ ಇದ್ದ ಅರ್ಧಗಳನ್ನೆಲ್ಲ ಒಪ್ಪಿಸಿದೆ. ತಳದ ಪದರ ಮೈಗೆ ಹತ್ತುತ್ತದೆ ಎಂಬುದು. ಕೆಮ್ಮು ನಿಂತಿದೆಯೇ ಎಂದು ಹುಸೇನ್‌ಬಿ ಕೇಳಿದ್ದು. ಅದನ್ನು ನಾನು ಮುಚ್ಚಿಟ್ಟದ್ದು. ದಾನವ್ವ ಕಟ್ಟಿಗೆಯಿಂದ ಬೂದಿ ಕೆದಕುತ್ತ ಕೇಳಿಸಿಕೊಂಡಳು.

“ಕೌದೀದು ನನಗ ಗೊತ್ತಿತ್ತು,” ಎಂದಳು. “ಮೊದಲನೇ ಚಳಿಗಾಲದಾಗ ಹೊದ್ಕೊಂಡ ರಾತ್ರಿನ ಗೊತ್ತಾತು. ಅವ್ವ ಪಕ್ಕದಾಗ ಮಲಗಿದಂಗ ಆಗಿತ್ತು.”

“ಮತ್ತ ಹನ್ನೊಂದು ವರ್ಷ ಯಾಕ ಮಾತಾಡಲಿಲ್ಲ?”

“ಆಕಿ ತಾನ ಬಂದು ಹೇಳ್ಲಿ ಅಂತ ಕುಂತೆ. ನನಗ ಗೊತ್ತಾಗೇತಿ ಅಂತ ಆಕಿಗೂ ಗೊತ್ತಿತ್ತು.” ಕಟ್ಟಿಗೆಯನ್ನು ಒಲೆಯೊಳಗೆ ತಳ್ಳಿ ಸೇರಿಸಿದಳು: “ಕೆಮ್ಮಿಂದು ಗೊತ್ತಿರಲಿಲ್ಲ. ಅದನ್ನ ನೀವು ಹೇಳಬೇಕಿತ್ತು ಮಾಸ್ತರ್ರ.”

ಬಯ್ದಿದ್ದರೆ ಹಗುರಾಗುತ್ತಿತ್ತು. ಬಯ್ಯಲಿಲ್ಲ. ಮರುದಿನದ ರೊಟ್ಟಿಗೂ ಉಪ್ಪು ಸರಿಯಾಗಿಯೇ ಇತ್ತು.

ಮೊನ್ನೆ 'ಜಾಡರ ಓಣಿ, ಹನ್ನೊಂದು ಗಂಟೆ ಐದು ನಿಮಿಷ' ಎಂದು ಊರೆಲ್ಲ ಕೂಗಿತು. ಸುಣಗಾರ ಓಣಿಯವರಿಗೆ ಅಂದು ಭಯವಿಲ್ಲ. ಜಾಡರ ಓಣಿಯ ಜನ ಗಂಟು ಹೊತ್ತು ಸಾಲಾಗಿ ಏರಿ ಹತ್ತುತ್ತಿದ್ದರು. ಅವರ ಎದುರಿಗೆ ದಾನವ್ವ ಒಬ್ಬಳೇ ಏರಿಯ ಮೇಲೆ ನಡೆದು ಬರುತ್ತಿರುವುದು ಗುಡ್ಡದಿಂದ ಕಂಡಿತು. ಎಲ್ಲಿಗೆಂದು ತಿಳಿಯಿತು. ಬೀಗ ಹಾಕಿ ಇಳಿದೆ, ಈ ಸಲ ಎಲ್ಲಿಯೂ ಕೂರದೆ.

ಪಿಂಜಾರ ಓಣಿಯಲ್ಲಿ ಹುಸೇನ್‌ಬಿಯ ಮನೆಗೆ ಬೀಗ ಹಾಗೆಯೇ ಇತ್ತು. ದಾನವ್ವ ಕಟ್ಟೆಯ ಮೇಲೆ ಕುಳಿತಿದ್ದಳು.

“ಜಾಡರ ಓಣಿ,” ಎಂದಳು, ಕಂಬಕ್ಕೆ.

ಸುತ್ತಮುತ್ತಲ ಐದಾರು ಮನೆಗಳ ಫೋನುಗಳು ಹನ್ನೊಂದು ಐದು, ಹನ್ನೊಂದು ಐದು ಎನ್ನುತ್ತಲೇ ಇದ್ದವು. ಅವಳಿಗೆ ಅದು ಕೇಳಿಸುತ್ತಿರಲಿಲ್ಲವೆಂದಲ್ಲ. ನಾನು ಅಂಗಳದಲ್ಲಿ ನಿಂತು, ಆಕಾಶ ನೋಡುತ್ತ ಹೇಳಿದೆ: “ಹನ್ನೊಂದು ಐದು.”

ದಾನವ್ವ ಅಲುಗಲಿಲ್ಲ. “ಆಕಿ ಹಂಗ ಹೇಳ್ತಿರಲಿಲ್ಲ,” ಎಂದಳು. “ಮೊದಲ ಕರೀತಿದ್ಲು.”

“ದಾನವ್ವಾ,” ಎಂದು ಕರೆದೆ. ಅವಳು ಕಂಬ ನೋಡುತ್ತಿದ್ದಳು. ಎರಡನೆಯ ಸಲ ಕರೆದೆ. ಎದುರುಮನೆಯ ಹೆಂಗಸು ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

ಮೂರನೆಯ ಸಲಕ್ಕೆ ಎದ್ದಳು.